ಅಳಿಸಬೇಡಿ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಗಣಿತ ವಿಭಾಗದ ಮೇಲಂತಸ್ತಿನ ಕೊಠಡಿಯಲ್ಲಿ ಐದು ಕುರ್ಚಿಗಳನ್ನು ಹಾಕಿದ್ದರು, ಕೂರುವವರು ನಾಲ್ವರು. ಐದನೆಯ ಕುರ್ಚಿಯ ಮುಂದೆ ನೀರಿನ ಲೋಟ, ಹೊಸದಾಗಿ ಚೂಪು ಮಾಡಿದ ಪೆನ್ಸಿಲು, ಮಡಚಿ ನಿಲ್ಲಿಸಿದ ರಟ್ಟಿನ ಮೇಲೆ ಹೊರದೇಶದ ಪರೀಕ್ಷಕಿಯ ಹೆಸರು. ಅವರು ಬರುವುದಿಲ್ಲವೆಂಬುದು ವಿಶ್ವವಿದ್ಯಾಲಯಕ್ಕೆ ಎರಡು ತಿಂಗಳ ಹಿಂದೆಯೇ ತಿಳಿದಿತ್ತು. ಆದರೂ ಜವಾನ ಆ ಕುರ್ಚಿಯನ್ನು ಉಳಿದವುಗಳಿಗಿಂತ ಹೆಚ್ಚು ಶ್ರದ್ಧೆಯಿಂದ ಒರೆಸಿದ, ಲೋಟದ ಮೇಲೆ ಮುಚ್ಚಳವಿಟ್ಟ, ಯಾರೋ ಕೂತಿದ್ದಾರೇನೋ ಎಂಬಂತೆ ಅದನ್ನು ಬಳಸಿಕೊಂಡು ಹೊರಗೆ ಹೋದ.

ಪರೀಕ್ಷೆ ಕೊಡಬೇಕಾದವಳು ಆಗಲೇ ಬಂದು ತನ್ನ ಜಾಗದಲ್ಲಿ ಕೂತಿದ್ದಳು. ಅವಳ ಕಣ್ಣು ಕುರ್ಚಿಯ ಮೇಲಿರಲಿಲ್ಲ. ಎದುರು ಗೋಡೆಯ ಕಪ್ಪು ಹಲಗೆಯ ಬಲಮೂಲೆಗೆ ಕಡುನೀಲಿ ಬಟ್ಟೆಯ ಬ್ಯಾನರೊಂದನ್ನು ಬಿಗಿಯಾಗಿ ಕಟ್ಟಿದ್ದರು. ಅದರ ಮೇಲೆ ಬಿಳಿಯ ಅಕ್ಷರಗಳಲ್ಲಿ ‘ಜ್ಞಾನಕ್ಕೆ ಗಡಿಯಿಲ್ಲ’ ಎಂದಿತ್ತು. ಹಿಂದಿನ ದಿನ ಮಧ್ಯಾಹ್ನ ಅದು ಅಲ್ಲಿರಲಿಲ್ಲ. ಅದರ ಹಿಂದೆ ಏನಿದೆಯೆಂದು ಅವಳಿಗೆ ಗೊತ್ತಿತ್ತು. ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ವಿಭಾಗದಲ್ಲಿ ಒಂದು ಹಳೆಯ ಪದ್ಧತಿ. ಹಲಗೆಯ ಮೇಲೆ ಕೆಲಸ ಅರ್ಧಕ್ಕೆ ನಿಂತರೆ, ಬರೆದವರು ಅದರ ಸುತ್ತ ಚೌಕಟ್ಟು ಎಳೆದು ‘ಅಳಿಸಬೇಡಿ’ ಎಂದು ಬರೆದು ಹೋಗಬಹುದು. ಬರೆದವರೇ ಬಂದು ಒರೆಸುವ ತನಕ ಯಾರೂ ಅದನ್ನು ಮುಟ್ಟುವಂತಿಲ್ಲ. ವಿಭಾಗದ ಮುಖ್ಯಸ್ಥರಿಗೂ ಆ ಅಧಿಕಾರವಿಲ್ಲ. ಸಾಮಾನ್ಯವಾಗಿ ಅಂಥ ಚೌಕಟ್ಟಿನ ಆಯುಸ್ಸು ಒಂದು ರಾತ್ರಿ, ಹೆಚ್ಚೆಂದರೆ ಒಂದು ವಾರ. ಬಲಮೂಲೆಯ ಈ ಚೌಕಟ್ಟಿಗೆ ಎರಡು ವರ್ಷ ತುಂಬಿತ್ತು. ಪಾಠ ಮಾಡುವವರು ಎಡದಿಂದ ಬರೆಯುತ್ತ ಬಂದು ಅದರ ಅಂಚಿಗೆ ತಲುಪಿದಾಗ ಒಂದು ಕ್ಷಣ ಮಾತು ನಿಲ್ಲಿಸಿ ಮತ್ತೆ ಎಡಕ್ಕೆ ಹೋಗುತ್ತಿದ್ದರು. ಕಸ ಗುಡಿಸುವ ಹೆಂಗಸು ಒದ್ದೆ ಬಟ್ಟೆಯಿಂದ ಹಲಗೆಯನ್ನೆಲ್ಲ ಒರೆಸಿ ಅಷ್ಟನ್ನು ಬಿಡುತ್ತಿದ್ದಳು. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಅದು ಯಾರದೆಂದು ಕೇಳುತ್ತಿರಲಿಲ್ಲ. ಆದರೆ ಅದರ ಕೆಳಗಿನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ.

ಅದನ್ನು ಬರೆದವನನ್ನು ಅವರೆಲ್ಲ ಸುಣ್ಣ ಎಂದು ಕರೆಯುತ್ತಿದ್ದರು. ಯಾವ ಬಣ್ಣದ ಅಂಗಿ ತೊಟ್ಟು ಬಂದರೂ ಸಂಜೆಯೊಳಗೆ ಅದು ಸೀಮೆಸುಣ್ಣದಿಂದ ಬಿಳಿಯಾಗುತ್ತಿತ್ತು. ಅವಳಿಗಿಂತ ಮೂರು ವರ್ಷ ಚಿಕ್ಕವನು, ಅವಳ ಮಾರ್ಗದರ್ಶಕರ ಬಳಿಯೇ ಸಂಶೋಧನೆಗೆ ಸೇರಿದ್ದವನು, ಅವಳನ್ನು ಅಕ್ಕಾ ಎನ್ನುತ್ತಿದ್ದ. ಬರೆಯುವ ಮುನ್ನ ಸೀಮೆಸುಣ್ಣವನ್ನು ಹಲಗೆಗೆ ಎರಡು ಬಾರಿ ಕುಟ್ಟುವುದು ಅವನ ಅಭ್ಯಾಸ. ಬಾಗಿಲು ತಟ್ಟಿ ಒಳಗೆ ಬರುವುದು ಮರ್ಯಾದೆಯಲ್ಲವೇ ಎಂದು ನಗುತ್ತಿದ್ದ. ಅವನ ಊರು ನದಿಯ ಆಚೆ ದಡದಲ್ಲಿತ್ತು.

ಆಚೆ ದಡದಲ್ಲಿ ಯುದ್ಧ ಶುರುವಾದ ವಾರವೇ ವಿಶ್ವವಿದ್ಯಾಲಯ ಆ ಕಡೆಯ ವಿದ್ಯಾರ್ಥಿಗಳನ್ನು ಕಳಿಸಿಬಿಟ್ಟಿತು. ಹೊರಹಾಕಿದ್ದಲ್ಲ ಎಂದು ಕುಲಸಚಿವರು ಬಹಳ ಎಚ್ಚರದಿಂದ ವಿವರಿಸಿದರು: ದಾಖಲೆಗಳನ್ನು ಮರುಪರಿಶೀಲಿಸಿದಾಗ ಅವರು ಸೇರಿಯೇ ಇರಲಿಲ್ಲವೆಂದು ಕಂಡುಬಂದಿದೆ, ಸೇರದವರನ್ನು ಹೊರಹಾಕುವ ಪ್ರಶ್ನೆಯೇ ಬರುವುದಿಲ್ಲ. ಆ ಬೆಳಿಗ್ಗೆ ವಿದ್ಯಾರ್ಥಿನಿಲಯದ ಮುಂದೆ ಬಸ್ಸುಗಳು ನಿಂತಿದ್ದಾಗ ಸುಣ್ಣ ಬೆನ್ನಿಗೆ ಚೀಲ ಹಾಕಿಕೊಂಡು ಈ ಕೊಠಡಿಗೆ ಬಂದ.

"ಡ್ರೈವರ್ ಇನ್ನೂ ಟೀ ಕುಡೀತಿದ್ದಾನೆ ಅಕ್ಕಾ. ನಿನ್ನ ಮೂರನೇ ಅಧ್ಯಾಯದ ಹಳ್ಳ ಇದೆಯಲ್ಲ, ಅದನ್ನ ನಿನ್ನೆ ಸ್ನಾನ ಮಾಡ್ತಾ ಮಾಡ್ತಾ ದಾಟಿಬಿಟ್ಟೆ."

ಅವಳ ಪ್ರಬಂಧ ಒಂದು ಬಗೆಯ ಸಂಖ್ಯೆಗಳ ನಡುವಿನ ಅಂತರವನ್ನು ಕುರಿತದ್ದು. ಎಷ್ಟೇ ದೂರ ಹೋದರೂ ಆ ಅಂತರ ಒಂದು ಮಿತಿಯನ್ನು ಮೀರುವುದಿಲ್ಲವೆಂದು ತೋರಿಸಬೇಕಿತ್ತು. ಮೂರನೆಯ ಅಧ್ಯಾಯದಲ್ಲಿ ಅವಳು ಎರಡು ವರ್ಷದಿಂದ ಸಿಕ್ಕಿಕೊಂಡಿದ್ದಳು. ಅವನು ಎರಡು ಬಾರಿ ಕುಟ್ಟಿ ಏಳು ಸಾಲು ಬರೆದ. ಎಂಟನೆಯ ಸಾಲಿನಲ್ಲಿ ‘ಆದ್ದರಿಂದ’ ಎಂದು ಬರೆಯುವಷ್ಟರಲ್ಲಿ ಕೆಳಗೆ ಹಾರನ್ ಕೇಳಿತು. ಅವನು ಆತುರದಿಂದ ಚೌಕಟ್ಟು ಎಳೆದು ಮೇಲೆ ‘ಅಳಿಸಬೇಡಿ’ ಎಂದು ಬರೆದ. ಉಳಿದದ್ದನ್ನು ಬಂದು ಬರೆಯುತ್ತೇನೆ, ಅಲ್ಲಿಯವರೆಗೆ ನೋಡಿಕೋ ಎಂದ. ಅವಳು ಹಲಗೆಯಿಂದ ಕಣ್ಣು ತೆಗೆಯದೆ ಹೇಳಿದ್ದಳು: "ಸರಿ, ಹೋಗೋ. ಬಸ್ಸು ತಪ್ಪುತ್ತೆ."

ಬಸ್ಸು ತಪ್ಪಲಿಲ್ಲ. ಆಮೇಲೆ ಅವನ ಸುದ್ದಿಯೂ ಬರಲಿಲ್ಲ. ಅವನ ಊರಿನ ಹೆಸರು ಒಂದು ಬಾರಿ ವಾರ್ತೆಯಲ್ಲಿ ಬಂತು. ಎರಡನೆಯ ಬಾರಿ ಬರುವ ಹಾಗೆ ಅಲ್ಲಿ ಏನೂ ಉಳಿದಿರಲಿಲ್ಲವೆಂದು ಕಾಣುತ್ತದೆ. ಅವಳು ಎಂಟನೆಯ ಸಾಲನ್ನು ತಾನೇ ಪೂರ್ಣಗೊಳಿಸಿದಳು. ಏಳು ಸಾಲು ತಿಳಿದವರಿಗೆ ಎಂಟನೆಯದು ಕಷ್ಟವಲ್ಲ. ಹಳೆಯ ಕಟ್ಟಡದ ಗೋಡೆಯಲ್ಲಿ ನೀರಿನ ಕೊಳವೆಯೊಂದಿತ್ತು. ಕೆಳಗೆ ಯಾರಾದರೂ ನಲ್ಲಿ ನಿಲ್ಲಿಸಿದರೆ ಅದು ಮೇಲೆ ಎರಡು ಬಾರಿ ಕುಟ್ಟಿದ ಹಾಗೆ ಸದ್ದು ಮಾಡುತ್ತಿತ್ತು. ಮೊದಲೂ ಮಾಡುತ್ತಿತ್ತು. ಈಗ ಪ್ರತಿ ಬಾರಿಯೂ ಅವಳ ತಲೆ ಹಲಗೆಯ ಕಡೆ ತಿರುಗುತ್ತಿತ್ತು. ಒಬ್ಬಳೇ ಇದ್ದಾಗ ಕೆಲವೊಮ್ಮೆ "ಬಾ" ಎಂದುಬಿಡುತ್ತಿದ್ದಳು.

ಆ ಬಸ್ಸುಗಳ ಸಂಗತಿ ಹೊರದೇಶಗಳಿಗೆ ತಲುಪಲು ಒಂದು ವರ್ಷ ಹಿಡಿಯಿತು. ತಲುಪಿದ ಮೇಲೆ ಅಲ್ಲಿನ ವಿದ್ವಾಂಸರು ಒಬ್ಬೊಬ್ಬರಾಗಿ, ಬಳಿಕ ಸಂಘಗಳಾಗಿ, ಈ ವಿಶ್ವವಿದ್ಯಾಲಯಕ್ಕೆ ಬಹಿಷ್ಕಾರ ಹಾಕಿದರು. ಇಲ್ಲಿಗೆ ಬರುವುದಿಲ್ಲ, ಇಲ್ಲಿಯವರನ್ನು ಕರೆಯುವುದಿಲ್ಲ, ಇಲ್ಲಿನ ಪ್ರಬಂಧಗಳನ್ನು ಪರೀಕ್ಷಿಸುವುದಿಲ್ಲ. ವಿಶ್ವವಿದ್ಯಾಲಯ ಮೊದಲು ನಕ್ಕಿತು. ಆಮೇಲೆ ಸಮಿತಿ ರಚಿಸಿತು. ಸಮಿತಿ ನೀಲಿ ಬ್ಯಾನರುಗಳನ್ನು ಹೊಲಿಸಿತು. ಕೊನೆಗೆ ನಿಯಮ ತಿದ್ದಿತು: ಹೊರ ಪರೀಕ್ಷಕರು ಗೈರುಹಾಜರಾದಲ್ಲಿ ಅವರ ಕುರ್ಚಿಯನ್ನು ಯಥಾಸ್ಥಾನದಲ್ಲಿ ಇರಿಸತಕ್ಕದ್ದು, ಅವರ ಪರವಾಗಿ ಕುಲಸಚಿವರು ಪ್ರಶ್ನೆ ಕೇಳತಕ್ಕದ್ದು. ಆಚೆ ದಡದವರನ್ನು ಮರಳಿ ಸೇರಿಸಿಕೊಳ್ಳುವ ವಿಷಯ ಯಾವ ಸಭೆಯಲ್ಲೂ ಬರಲಿಲ್ಲ. ಸೇರಿಯೇ ಇರದವರನ್ನು ಮರಳಿ ಸೇರಿಸಿಕೊಳ್ಳುವುದು ಹೇಗೆ.

ಹೊರದೇಶದ ಪರೀಕ್ಷಕಿ ಇಪ್ಪತ್ತು ವರ್ಷದಿಂದ ಈ ವಿಭಾಗಕ್ಕೆ ಬರುತ್ತಿದ್ದ ಮುದುಕಿ. ಎಲ್ಲರಿಗೂ ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ಈ ಪ್ರಬಂಧದಲ್ಲಿ ನಿಮಗೇ ನಂಬಿಕೆಯಿಲ್ಲದ ಸಾಲು ಯಾವುದು? ಬಾರದಿರುವ ನಿರ್ಧಾರವನ್ನು ಅವರು ಅವಳಿಗೆ ತಾವೇ ಫೋನಿನಲ್ಲಿ ತಿಳಿಸಿದರು. ನಿನ್ನ ಮೇಲೆ ಕೋಪವಿಲ್ಲ, ನಿನಗೆ ಇದರಿಂದ ನಷ್ಟವೆಂದು ಬಲ್ಲೆ, ಆದರೂ ಬರಲಾರೆ ಎಂದರು. ಅವಳಿಗೆ ಸಿಟ್ಟು ಬಂದಿತ್ತು. ಬಸ್ಸು ತರಿಸಿದವರು ಸುಖವಾಗಿದ್ದಾರೆ, ಪೆಟ್ಟು ಬಿದ್ದದ್ದು ನನಗೆ ಎಂದು ಹೇಳಿಯೂ ಹೇಳಿದಳು. ಮುದುಕಿ ಅದನ್ನು ಒಪ್ಪಿಕೊಂಡರು. ಬಳಿಕ, ಪ್ರಬಂಧವನ್ನು ಪರೀಕ್ಷಕಿಯಾಗಿ ಅಲ್ಲ, ಸುಮ್ಮನೆ ಓದಿದ್ದೇನೆ, ಮೂರನೆಯ ಅಧ್ಯಾಯ ಬರೆದವರು ಯಾರು ಎಂದು ಕೇಳಿದರು. ನಾನೇ ಎಂದಳು. ಆ ಕಡೆ ಬಹಳ ಹೊತ್ತು ಮೌನವಿತ್ತು. ಫೋನ್ ಕಡಿದುಹೋಗಿದೆಯೋ ಇಲ್ಲವೋ ತಿಳಿಯದೆ ಅವಳು ಕಿವಿಗೆ ಹಿಡಿದುಕೊಂಡೇ ನಿಂತಿದ್ದಳು.

ಮೊದಲ ಕರಡಿನಲ್ಲಿ ಅವಳು ಅವನ ಹೆಸರು ಹಾಕಿದ್ದಳು. ಅದನ್ನು ಹೊಡೆದುಹಾಕಿದವರು ಮಾರ್ಗದರ್ಶಕರು. ಅರ್ಧ ಅಂಕ, ಕಾಲು ಅಂಕ ಕಳೆಯುವ ಕೈಯೆಂದು ವಿದ್ಯಾರ್ಥಿಗಳು ಅವರನ್ನು ದಶಮಾಂಶ ಎನ್ನುತ್ತಿದ್ದರು. ಕೆಟ್ಟವರಲ್ಲ, ನಿವೃತ್ತಿಗೆ ಒಂದು ವರ್ಷವಿತ್ತು. ಪೆನ್ನಿನ ಮುಚ್ಚಳ ಹಾಕುತ್ತ ಅವರು ಮೆಲ್ಲಗೆ ಹೇಳಿದ್ದರು: "ಋಣ ಅಂತ ಬರೀಬೇಕಾದ್ರೆ ಕೊಟ್ಟವನು ಇರಬೇಕಲ್ಲಮ್ಮ. ಇವರ ಪ್ರಕಾರ ಅವನು ಇಲ್ಲಿ ಓದಲೇ ಇಲ್ಲ. ಇಲ್ಲದವನ ಹೆಸರಿದ್ದರೆ ಪ್ರಬಂಧ ಮೇಜಿಂದ ಮೇಲೇಳಲ್ಲ."

ಹೊಡೆದದ್ದು ಅವರಾದರೂ ಹೆಸರಿಲ್ಲದ ಪ್ರತಿಯನ್ನು ಅಚ್ಚು ಹಾಕಿಸಿ ತಂದವಳು ಅವಳೇ. ಏಕೆಂದರೆ ಊರಿನ ಇನ್ನೊಂದು ತುದಿಯ ಕಾಲೇಜಿನಲ್ಲಿ ಅವಳಿಗಾಗಿ ಅಧ್ಯಾಪಕಿಯ ಹುದ್ದೆಯೊಂದು ಕಾದಿತ್ತು. ಈ ತಿಂಗಳು ಮುಗಿಯುವುದರೊಳಗೆ ಪದವಿ ಕೈಗೆ ಬಂದರೆ ಅವಳದು, ಇಲ್ಲವಾದರೆ ಮುಂದಿನವರದು. ಬಾಡಿಗೆಯ ಎರಡು ಕೋಣೆಯ ಮನೆಯಲ್ಲಿ ಅವಳೊಂದಿಗೆ ತಾಯಿ ಇದ್ದಳು. ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು ಮಂಡಿ ಹಿಡಿದುಕೊಂಡ ಮೇಲೆ ಕೆಲಸ ಬಿಟ್ಟವಳು. ಆ ಬೆಳಿಗ್ಗೆ ಮಗಳ ಸೆರಗಿಗೆ ಪಿನ್ನು ಹಾಕುತ್ತ ತಾಯಿ, ಎಂಥ ಹಟಮಾರಿ ಕೂಸೂ ಒಂದಲ್ಲ ಒಂದು ದಿನ ಹೊರಗೆ ಬರುತ್ತೆ ಕಣೇ, ನಿನ್ನ ಪ್ರಬಂಧದಂಥದ್ದನ್ನ ನಾನು ಕಂಡಿಲ್ಲ ಎಂದಿದ್ದಳು. ಬಾಗಿಲ ತನಕ ಬಂದು, ದನಿ ತಗ್ಗಿಸಿ, ಬೇರೇನನ್ನೋ ಕೇಳುವವಳ ಹಾಗೆ ಕೇಳಿದಳು: "ಆ ಹುಡುಗ ಇದ್ದಿದ್ರೆ ಇವತ್ತು ಬಂದು ಹಿಂದೆ ಕೂತಿರ್ತಿದ್ದ, ಅಲ್ವಾ?"

ಕುಲಸಚಿವರು ಹತ್ತಕ್ಕೆ ಸರಿಯಾಗಿ ಬಂದರು. ಅವರ ಹಿಂದೆ ದಶಮಾಂಶ, ವಿಭಾಗದ ಇನ್ನೊಬ್ಬ ಅಧ್ಯಾಪಕ, ಕೊರಳಲ್ಲಿ ಕ್ಯಾಮೆರಾ ತೂಗುಹಾಕಿಕೊಂಡ ಫೋಟೋದವನು. ಕುಲಸಚಿವರು ಮೊದಲು ಐದನೆಯ ಕುರ್ಚಿಯ ಬಳಿ ಹೋಗಿ ನಿಂತು ತಲೆ ಓರೆ ಮಾಡಿ ನೋಡಿದರು. ಇದು ತೀರಾ ಖಾಲಿಯಾಗಿ ಕಾಣುತ್ತೆ ಎಂದರು. ಕುರ್ಚಿಯನ್ನು ತುಸು ಹಿಂದಕ್ಕೆ ಓರೆಯಾಗಿ ಎಳೆಸಿದರು, ಪೆನ್ಸಿಲನ್ನು ಅಡ್ಡ ಇಡಿಸಿದರು, ಲೋಟದ ಮುಚ್ಚಳ ತೆಗೆಸಿ ಜವಾನನಿಗೆ ಅರ್ಧ ಕುಡಿ ಎಂದರು. ಅವನು ಸುತ್ತ ನೋಡಿದ. "ಕುಡಿಯಪ್ಪ, ವಿಷ ಅಲ್ಲ. ಈಗಷ್ಟೇ ಎದ್ದು ಆಚೆ ಹೋದ ಹಾಗೆ ಕಾಣಬೇಕು, ಅಷ್ಟೇ." ಜವಾನ ಬಾಯಿ ತಾಗಿಸದೆ ಎತ್ತಿ ಅರ್ಧ ಕುಡಿದು ಇಟ್ಟ. ಫೋಟೋ ತೆಗೆದಾಯಿತು. ವಾರ್ಷಿಕ ವರದಿಯಲ್ಲಿ ಅಂತಾರಾಷ್ಟ್ರೀಯ ಸಹಯೋಗವೆಂಬ ಪುಟಕ್ಕೆ ಅದು ಬೇಕಾಗಿತ್ತು.

ಮೊದಲ ಒಂದು ಗಂಟೆ ಎಲ್ಲವೂ ಸರಾಗವಾಗಿ ನಡೆಯಿತು. ಇನ್ನೊಬ್ಬ ಅಧ್ಯಾಪಕ ಗಡಿಯಾರ ನೋಡುತ್ತ ಕೇಳಿದ, ಅವಳು ಉತ್ತರಿಸಿದಳು. ಹೊರ ಪರೀಕ್ಷಕರ ಸರದಿ ಬಂದಾಗ ಕುಲಸಚಿವರು ತಮ್ಮ ಜಾಗದಿಂದ ಎದ್ದು, ಮೇಜನ್ನು ಸುತ್ತಿ ಬಂದು ಐದನೆಯ ಕುರ್ಚಿಯಲ್ಲಿ ಕೂತರು. ಕೂತವರು ಆ ಮುದುಕಿಯಂತೆಯೇ ಪೆನ್ಸಿಲನ್ನು ಬೆರಳುಗಳ ನಡುವೆ ಹಿಡಿದರು, ಯಾರೂ ನಗಲಿಲ್ಲ.

"ನಾನು ವಾಣಿಜ್ಯದವನು," ಎಂದರು. "ನನಗೆ ಗೊತ್ತಿರೋ ಅಂತರ ಒಂದೇ, ಸಂಬಳಕ್ಕೂ ತಿಂಗಳ ಕೊನೆಗೂ ನಡುವಿನದು. ಆದ್ದರಿಂದ ಈ ಪ್ರಶ್ನೆಗಳು ನನ್ನವಲ್ಲ, ಇವರವು ಅಂತ ತಿಳ್ಕೊಳ್ಳಿ." ಮುಂದಿದ್ದ ಹೆಸರಿನ ರಟ್ಟನ್ನು ತಟ್ಟಿ ತೋರಿಸಿದರು.

ಪ್ರಶ್ನೆಗಳನ್ನು ದಶಮಾಂಶರೇ ಬರೆದುಕೊಟ್ಟಿದ್ದರು. ಉತ್ತರಗಳನ್ನೂ ಅವಳಿಗೆ ಹೇಳಿದ್ದರು. ಕೊನೆಯದು ಆ ಹಳೆಯ ಪ್ರಶ್ನೆ. ಅದನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲ, ವಿಭಾಗದ ಸಂಪ್ರದಾಯ ಎಂದು ಕುಲಸಚಿವರೇ ಸೇರಿಸಿಕೊಂಡಿದ್ದರು. ಅದಕ್ಕೆ ಅವಳು, ಐದನೆಯ ಅಧ್ಯಾಯದಲ್ಲಿ ಒಂದು ಅಂದಾಜು ಒರಟಾಗಿದೆ, ಮುಂದೆ ಅದನ್ನು ನಯಗೊಳಿಸಬಹುದು ಎಂದು ವಿನಯದಿಂದ ಹೇಳಬೇಕು. ಎಲ್ಲರೂ ಎದ್ದು ಕೈ ಕುಲುಕಬೇಕು.

"ಈ ಪ್ರಬಂಧದಲ್ಲಿ ನಿಮಗೇ ನಂಬಿಕೆಯಿಲ್ಲದ ಸಾಲು ಯಾವುದು?"

ಕುಲಸಚಿವರು ಅದನ್ನು ನಿಧಾನವಾಗಿ, ಬೇರೆ ದನಿಯಲ್ಲಿ ಕೇಳಿದರು. ಅವಳು ಅವರ ಮುಖ ನೋಡಲಿಲ್ಲ. ಅರ್ಧ ಕುಡಿದ ಲೋಟವನ್ನು ನೋಡಿದಳು. ಇಲ್ಲದವರನ್ನು ಇದ್ದಾರೆಂದು ತೋರಿಸಲು ಈ ಕೊಠಡಿಯಲ್ಲಿ ಇಷ್ಟು ಶ್ರಮ ನಡೆದಿತ್ತು. ಫೋನಿನ ಆ ಮೌನ ಅವಳ ಕಿವಿಯಲ್ಲಿ ಮತ್ತೆ ತುಂಬಿಕೊಂಡಿತು. ಐದನೆಯ ಅಧ್ಯಾಯದಲ್ಲಿ ಎಂದು ಹೇಳಲು ಬಾಯಿ ತೆರೆದಳು. ಕೆಳಗೆ ಯಾರೋ ನಲ್ಲಿ ನಿಲ್ಲಿಸಿದರು. ಗೋಡೆಯಲ್ಲಿ ಎರಡು ಬಾರಿ ಕುಟ್ಟಿದ ಸದ್ದಾಯಿತು.

"ನಂಬಿಕೆಯಿಲ್ಲದ ಸಾಲು ಯಾವುದೂ ಇಲ್ಲ ಸರ್. ಎಲ್ಲಾ ಸರಿಯಾಗಿವೆ. ಆದರೆ ಮೂರನೇ ಅಧ್ಯಾಯದ ಏಳು ಸಾಲು ನನ್ನವಲ್ಲ."

ದಶಮಾಂಶರು ಕನ್ನಡಕ ತೆಗೆದರು. ಅವಳು ಎದ್ದು ಹಲಗೆಯ ಬಳಿ ಹೋಗಿ ಬ್ಯಾನರಿನ ದಾರ ಬಿಚ್ಚಿದಳು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಎಳೆಯಬೇಕಾಯಿತು. ಬಟ್ಟೆ ಒಂದು ಬದಿಗೆ ಜಾರಿ ತಿರುಗಿ ನೇತಾಡಿತು. ಹಲಗೆಯ ಮೇಲೆ ಚೌಕಟ್ಟು, ‘ಅಳಿಸಬೇಡಿ’, ಏಳು ಸಾಲು, ‘ಆದ್ದರಿಂದ’. ಒತ್ತಿ ಕಟ್ಟಿದ್ದರಿಂದ ಅಕ್ಷರಗಳು ಅಲ್ಲಲ್ಲಿ ತೆಳುವಾಗಿದ್ದವು. ತೆಳುವಾದದ್ದು ಎಲ್ಲಿಗೂ ಹೋಗಿರಲಿಲ್ಲ. ನೀಲಿ ಬಟ್ಟೆಯ ಹಿಂಬದಿಯಲ್ಲಿ ಅದೇ ಏಳು ಸಾಲುಗಳು ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ, ಮಸುಕಾಗಿ ಮೂಡಿ ನಿಂತಿದ್ದವು.

ಅವಳು ಅವನ ಪೂರ್ತಿ ಹೆಸರು ಹೇಳಿದಳು, ತಂದೆಯ ಹೆಸರನ್ನೂ ಊರಿನ ಹೆಸರನ್ನೂ ಸೇರಿಸಿ. ಎರಡು ವರ್ಷದಲ್ಲಿ ಆ ಹೆಸರನ್ನು ಆ ಕಟ್ಟಡದಲ್ಲಿ ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ. ಫೋಟೋದವನು ಕ್ಯಾಮೆರಾವನ್ನು ಕೆಳಗಿಳಿಸಿದ.

ಕುಲಸಚಿವರು ಸಿಟ್ಟಾಗಲಿಲ್ಲ. ಅವರು ಐದನೆಯ ಕುರ್ಚಿಯಿಂದ ಎದ್ದು ತಮ್ಮ ಜಾಗಕ್ಕೆ ಹಿಂತಿರುಗಿದರು. ದನಿಯೂ ಅವರದೇ ಆಯಿತು. "ನೋಡಮ್ಮ, ನನಗೂ ನಿನ್ನ ವಯಸ್ಸಿನ ಮಗಳಿದ್ದಾಳೆ. ಈಗ ಹೇಳಿದ್ದು ನನಗೆ ಕೇಳಿಸಲಿಲ್ಲ. ಅದೇ ಪ್ರಶ್ನೆ ಇನ್ನೊಂದು ಸಲ ಕೇಳ್ತೀನಿ. ಯೋಚನೆ ಮಾಡಿ ಉತ್ತರ ಕೊಡು, ಸಂಜೆ ಒಳಗೆ ಪದವಿ ಪತ್ರಕ್ಕೆ ಸಹಿ ಹಾಕ್ತೀನಿ."

ಅವರು ಕೇಳಿದರು. ಅವಳು ಮೊದಲಿನ ಉತ್ತರವನ್ನೇ, ಮೊದಲಿನ ಕ್ರಮದಲ್ಲೇ ಕೊಟ್ಟಳು. ಹೆಸರನ್ನು ಈ ಬಾರಿ ಇನ್ನೂ ಸ್ಪಷ್ಟವಾಗಿ ಹೇಳಿದಳು.

ಕುಲಸಚಿವರು ದಶಮಾಂಶರ ಕಡೆ ತಿರುಗಿ, ಇಂಥ ವಿದ್ಯಾರ್ಥಿ ನಿಮ್ಮಲ್ಲಿ ಇದ್ದನೇ ಎಂದು ಕೇಳಿದರು. ದಶಮಾಂಶರು ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿದರು, ಬೆಳಕಿಗೆ ಹಿಡಿದರು, ಮತ್ತೆ ಒರೆಸಿದರು. ಹಾಕಿಕೊಂಡು ಹಲಗೆಯನ್ನು ಬಹಳ ಹೊತ್ತು ಓದಿದರು.

"ಬರವಣಿಗೆ ಪರಿಚಯದ್ದು," ಎಂದರು.

ಅರ್ಧ ಅಂಕದಷ್ಟು ಮಾತು. ಮುಂದಿನ ಅರ್ಧಕ್ಕಾಗಿ ಅವಳು ಕಾದಳು. ಅವರು ಕನ್ನಡಕ ತೆಗೆದು ಮೇಜಿನ ಕಡೆ ನೋಡತೊಡಗಿದರು.

ಪ್ರಬಂಧವನ್ನು ಹಿಂದಿರುಗಿಸಲಾಯಿತು. ಯಾವಾಗ ಮತ್ತೆ ಸಲ್ಲಿಸಬಹುದೆಂದು ಇನ್ನೊಬ್ಬ ಅಧ್ಯಾಪಕ ಕೇಳಿದ್ದಕ್ಕೆ ಕುಲಸಚಿವರು, ಎರಡು ವಿಷಯ ಇತ್ಯರ್ಥವಾದ ಮೇಲೆ ನೋಡೋಣ ಎಂದರು. ಯಾವ ಎರಡೆಂದು ಹೇಳಲಿಲ್ಲ. ಬಾಗಿಲ ಬಳಿ ಅವರಿಗೆ ಏನೋ ಹೊಳೆಯಿತು. ಬಹಿಷ್ಕಾರದ ಕಾರಣ ಪ್ರತಿಭಾವಂತ ಅಭ್ಯರ್ಥಿಯೊಬ್ಬಳಿಗೆ ಪದವಿ ತಪ್ಪಿತೆಂದು ನಾಳೆ ಒಂದು ಹೇಳಿಕೆ ಕೊಡಬಹುದು, ಅದರಲ್ಲಿ ಸುಳ್ಳೇನಿದೆ ಎಂದು ಹೋಗುತ್ತ ದಶಮಾಂಶರಿಗೆ ಹೇಳುತ್ತಿದ್ದುದು ಮೆಟ್ಟಿಲ ತನಕ ಕೇಳಿಸಿತು. ಜವಾನ ಬ್ಯಾನರನ್ನು ಬಿಚ್ಚಿಕೊಂಡು ಕಿಟಕಿಯ ಹೊರಗೆ ಹಿಡಿದು ಕೊಡವಿದ. ಬಿಳಿಯ ಪುಡಿ ಬಿಸಿಲಿನಲ್ಲಿ ಒಂದು ಗಳಿಗೆ ತಡೆದು ನಿಂತು ಬಳಿಕ ಕೆಳಗೆ ಇಳಿಯಿತು.

ಅವಳೊಬ್ಬಳೇ ಉಳಿದಳು. ಕಾಲೇಜಿನ ಹುದ್ದೆ ಮುಂದಿನವರಿಗೆ ಹೋಗುತ್ತದೆ. ಮನೆಗೆ ಹೋಗಿ ತಾಯಿಗೆ ಹೇಳಬೇಕು. ಹಲಗೆಯ ಕೆಳಗಿನ ಪಟ್ಟಿಯಲ್ಲಿ ಸೀಮೆಸುಣ್ಣದ ತುಂಡೊಂದಿತ್ತು. ಅದನ್ನು ಎತ್ತಿಕೊಂಡಳು. ತೆಳುವಾದ ಅಕ್ಷರಗಳನ್ನು ತಿದ್ದಲೆಂದು ಕೈ ಚಾಚಿ, ಮುಟ್ಟದೆ ಹಿಂತೆಗೆದಳು. ಅವು ಅವನು ಬಂದು ತಿದ್ದಬೇಕಾದವು. ಚೌಕಟ್ಟಿನ ಹೊರಗೆ, ಗೆರೆಯ ಕೆಳಗೆ, ತಾನು ಕಂಡುಕೊಂಡಿದ್ದ ಎಂಟನೆಯ ಸಾಲನ್ನು ಬರೆದಳು. ‘ಆದ್ದರಿಂದ’ ಎಂಬುದಕ್ಕೆ ಅದು ಸರಿಯಾಗಿ ಹೊಂದಿಕೊಂಡಿತು. ಬರೆಯುವ ಮುನ್ನ ಎರಡು ಬಾರಿ ಕುಟ್ಟಿದ್ದು ಅವಳಿಗೆ ಆಮೇಲೆ ನೆನಪಾಯಿತು.

ಕಸ ಗುಡಿಸುವ ಹೆಂಗಸು ಬಕೆಟ್ಟು ಹಿಡಿದು ಬಂದಳು. ಐದನೆಯ ಕುರ್ಚಿಯ ಮುಂದಿನ ಲೋಟದ ನೀರನ್ನು ಬಕೆಟ್ಟಿಗೆ ಸುರಿದಳು, ರಟ್ಟನ್ನು ಮಡಚಿ ಮೇಜಿನ ಮೇಲೆ ಮಲಗಿಸಿದಳು, ಬಟ್ಟೆ ಹಿಂಡಿ ಹಲಗೆಯನ್ನು ಎಡದಿಂದ ಒರೆಸುತ್ತ ಬಂದಳು. ಚೌಕಟ್ಟಿನ ಬಳಿ ನಿಂತು ಅದರ ಕೆಳಗಿನ ಹೊಸ ಸಾಲನ್ನು ನೋಡಿದಳು.

"ಇದನ್ನೂ ಬಿಡ್ಲಾ ಅಮ್ಮಾ?"

"ಬೇಡ. ಅದು ನಂದು. ಅಳಿಸು."

ಒದ್ದೆ ಬಟ್ಟೆ ಗೆರೆಯ ಕೆಳಗೆ ಉದ್ದಕ್ಕೆ ಒಮ್ಮೆ ಹೋಯಿತು. ನೀರಿನ ಪಟ್ಟಿ ಹಲಗೆಯ ಮೇಲೆ ಹೊಳೆಯಿತು, ಎಡದಿಂದ ಆರುತ್ತ ಬಂತು. ಚೌಕಟ್ಟಿನೊಳಗೆ ‘ಆದ್ದರಿಂದ’ ಎಂಬುದರ ಮುಂದಿನ ಜಾಗ ಮೊದಲಿನಂತೆ ಖಾಲಿಯಿತ್ತು.